ನಡತೆಯಲ್ಲಿ ಬದಲಾವಣೆ ಇಲ್ಲ

ಭದ್ರಾವತಿಯ ಉಮೈರಾ ಕಳಿಸಿದ್ದಾಳೆ
ತನ್ನ ಮೊದಲ ತೇಪೆ, ನಲವತ್ತೊಂದು ಸಾಲು:
ಎಂಟು ಸ್ಪೇಸ್ ಇದ್ದಲ್ಲಿ ಒಂದು ಟ್ಯಾಬ್,
ಅಲ್ಪವಿರಾಮದ ಬೆನ್ನಿಗೊಂದು ಉಸಿರು,
ಸಾಲಿನ ಬಾಲಕ್ಕಂಟಿದ ಖಾಲಿಗಳನ್ನೆಲ್ಲ
ಅಕ್ಕಿಯೊಳಗಿನ ನೆಲ್ಲಿನ ಹಾಗೆ
ಆರಿಸಿ ತೆಗೆದಿದ್ದಾಳೆ.
ಮೇಲೆ ಒಂದೇ ಮಾತು: ನಡತೆಯಲ್ಲಿ ಬದಲಾವಣೆ ಇಲ್ಲ.

ಕರ್ನಲ್ಲಿನ ಮೂಲೆಯೊಂದರ ಹಳೇ ಡ್ರೈವರ್,
ತೂಕದ ಯಂತ್ರದ ಕಾರ್ಡಿನದು.
ಬಿ.ಎಚ್. ರೋಡಿನ ಗುಜರಿ ಅಂಗಡಿಯಲ್ಲೊಂದು
ಇನ್ನೂ ನಡೆಯುವುದನ್ನು ನಾನೇ ಕಂಡಿದ್ದೇನೆ.
ಇಂಥದ್ದನ್ನು ಯಾರು ಓದುತ್ತಾರೆ?
ನಾನು ಓದುತ್ತೇನೆ. ಗಾಂಧಿ ಬಜಾರಿನ ಮಾಳಿಗೆಯಲ್ಲಿ,
ಒಣಮೆಣಸಿನ ಘಾಟಿಗೆ ಸೀನುತ್ತ.
ಕೆಂಪು ಸಾಲು ಹೋಯಿತು, ಹಸಿರು ಸಾಲು ಬಂತು,
ಎರಡೂ ಒಂದೇ ಮಾತು, ನಿಂತ ಜಾಗ ಬೇರೆ.

ಕೆಳಗೆ ಮೊದಲು ಅಚ್ಚಿನ ಮನೆ ಇತ್ತು.
ನೀಲಕಂಠಾಚಾರ್ರು ಒಮ್ಮೆ ನನ್ನ ಅಂಗೈಯಲ್ಲಿ
ಅಕ್ಷರವಿಲ್ಲದ ಮೊಳೆಯೊಂದನ್ನಿಟ್ಟು ಕೇಳಿದ್ದರು,
"ಇದೇನು ಹೇಳು?"
ಏನೂ ಇಲ್ಲ ಅಂದೆ.
"ಏನೂ ಇಲ್ಲದ್ದಕ್ಕೆ ಇಷ್ಟು ಭಾರ ಇರುತ್ತಾ?"
ಸೀಸದ ಖಾಲಿ. ಪದ ಪದದ ಮೈಮೇಲೆ ಬೀಳದಂತೆ
ನಡುವೆ ನಿಲ್ಲುವುದು ಅದರ ಕೆಲಸ.

ಇನ್ನೂರ ಹದಿನಾಲ್ಕನೇ ಸಾಲು.
'ತಪ್ಪಾದರೆ' ಎಂಬ ಷರತ್ತು, ಅದರ ಕೆಳಗೆ
ಒಳಕ್ಕೆ ಸರಿದು ಕೂತ ಎರಡು ಸಾಲು:
ತಪ್ಪನ್ನು ಬರೆದಿಡು. ತೂಕವನ್ನು ಸೊನ್ನೆಗೆ ತಾ.
ಬ್ರಾಕೆಟ್ ಇರಲಿಲ್ಲ. ಉಮೈರಾ ಹಾಕಿದ್ದಾಳೆ,
ಎರಡನ್ನೂ ಒಂದೇ ಬೇಲಿಯೊಳಗೆ ಸೇರಿಸಿ,
ಅಚ್ಚುಕಟ್ಟಾಗಿ.

ಯಂತ್ರ ಅಂಚು ನೋಡುವುದಿಲ್ಲ. ಬ್ರಾಕೆಟ್ ಇಲ್ಲದಿದ್ದರೆ
ಷರತ್ತಿಗೆ ಸೇರುವುದು ಮೊದಲ ಸಾಲೊಂದೇ;
ಎರಡನೆಯದು ಸುಮ್ಮನೆ ಪಂಕ್ತಿಯಲ್ಲಿ ಕೂತ ಹೊರಗಿನವ.
ತಪ್ಪು ಇರಲಿ, ಇಲ್ಲದಿರಲಿ,
ತೂಕ ಪ್ರತಿ ಸಲ ಸೊನ್ನೆಗೆ ಬರುತ್ತಿತ್ತು,
ಬರಬೇಕಾದದ್ದೂ ಹಾಗೆಯೇ.
ಈಗ ಬರುವುದಿಲ್ಲ. ಹಳೇ ಪೇಪರಿನ ಕಟ್ಟು ಇಳಿಸಿದ ಮೇಲೂ
ಅದರ ಮೂರು ಕೆಜಿ ತಟ್ಟೆಯಲ್ಲೇ ಉಳಿದು
ಮುಂದಿನವರ ಕಬ್ಬಿಣಕ್ಕೆ ಕೂಡಿಕೊಳ್ಳುತ್ತದೆ.

ಸಿಕ್ಕಿಬಿದ್ದೆ ಮಗಳೇ, ಅಂದುಕೊಂಡೇ
ಆ ಸಾಲು ಮೊದಲು ಯಾರದೆಂದು ಕೆದಕಿದೆ.
ಒಂಬತ್ತು ವರ್ಷದ ಹಿಂದೆ, ರಾತ್ರಿ ಒಂದೂಕಾಲು,
ನನ್ನ ಹೆಸರು.

ಒಳಕ್ಕೆ ಸರಿಸಿದವಳು ನಾನು.
ಯಾಕೆ ಅಂತ ನೆನಪಿಲ್ಲ. ಕರೆಂಟು ಹೋಗುವ ಮುಂಚೆ
ಮುಗಿಸುವ ಆತುರವಿರಬೇಕು,
ಬೆರಳು ಟ್ಯಾಬಿನ ಮೇಲೆ ಎರಡು ಸಲ ಬಿದ್ದಿರಬೇಕು.
ಯಂತ್ರ ನನ್ನ ಸುಳ್ಳನ್ನು ಓದಲೇ ಇಲ್ಲ;
ಓದಿದವಳು, ನಂಬಿದವಳು, ಇವಳೊಬ್ಬಳೇ.

ಉತ್ತರವನ್ನು ಎರಡು ಸಲ ಬರೆದು ಅಳಿಸಿದೆ.
ಆಮೇಲೆ ಇಷ್ಟು: ಉಮೈರಾ,
ಖಾಲಿಯನ್ನೂ ಅರ್ಥವನ್ನೂ ಒಂದೇ ಚೀಲದಲ್ಲಿ ಕಳಿಸಬೇಡ.
ಬ್ರಾಕೆಟ್ ತೆಗೆ. ಎರಡನೇ ಸಾಲನ್ನು ಹೊರಕ್ಕೆ ಎಳೆ,
ಒಂದು ಟ್ಯಾಬಿನಷ್ಟು.
ಅಲ್ಲಿ ಜಾಗ ತಪ್ಪಿ ಕೂರಿಸಿದವಳು ನಾನು.
ಉಳಿದದ್ದೆಲ್ಲ ಸರಿ ಇದೆ.

ಸಂಜೆಗೆ ಮತ್ತೆ ಬಂತು.
ಹಳೆಯದನ್ನೂ ಹೊಸದನ್ನೂ ಯಂತ್ರದ ಭಾಷೆಗಿಳಿಸಿ
ಪಕ್ಕಪಕ್ಕ ಇಟ್ಟೆ. ಒಂದು ಬೈಟ್ ಹೆಚ್ಚಿಲ್ಲ, ಕಡಿಮೆಯಿಲ್ಲ.
ಇನ್ನು ಯಾರಾದರೂ ಕೆದಕಿದರೆ
ಆ ಸಾಲಿಗೆ ಅವಳ ಹೆಸರು.