ಐತವಾರದ ತೂಕ

ಐತವಾರ ದಾಲ್ ಮಿಲ್ ಬಂದ್.
ಕಾಂಟಾ ಖೋಲಿ ಕೀಲಿ ನನ್ನ ಹತ್ರ.
ಲಾರಿ ನಿಲ್ಲೋ ಕಬ್ಬಣದ ಹಲಗಿ ಮ್ಯಾಲ
ಬಿಸಲು ಒಂದೇ ನಿಂತಿರ್ತದ, ಅದಕ್ಕ ಬಿಲ್ಲು ಬ್ಯಾಡ.

ನಾಲ್ಕಕ್ಕ ಒಬ್ಬೊಬ್ಬರೇ ಬರ್ತಾರ.
ಟಿಕೆಟ್ ಹರದು ಹರದು ಬೆರಳು ಸವೆದ ರಿಟೈರ್ ಕಂಡಕ್ಟರ್ ಗುಂಡೇರಾವ್,
ಉರ್ದು ಸಾಲಿ ಟೀಚರ್ ಮೆಹಜಬೀನ್,
ಆಳಂದ ಕಡಿ ತಾಂಡಾದ ಥಾವರು,
ಬಿಎ ಓದ್ಲತ್ತಾನ, ವಾರಕ್ಕೊಂದು ಪ್ರೇಮ ಸೋಲ್ತಾನ.
ಮತ್ತ ನಮ್ಮ ಮಿಲ್ಲಿನಾಗೇ ಚೀಲ ಹೊರೋ ಧೂಳಪ್ಪ.

ಮೊದಲ ದಿನ ಮಶ್ಕಿರಿಗಂತ
ಐದೂ ಮಂದಿ ಕವಿತಿ ಹಿಡಕೊಂಡು ಕಾಂಟಾ ಮ್ಯಾಲ ನಿಂತ್ವಿ.
ಕೆಂಪು ಅಂಕಿ ಮುನ್ನೂರಾ ಹತ್ತು.
ಕವಿತಿ ಕೆಳಗಿಟ್ಟು ಮತ್ತ ನಿಂತ್ವಿ. ಮುನ್ನೂರಾ ಹತ್ತು.
"ಹತ್ತು ಕಿಲೋಕ್ಕಿಂತ ಕಮ್ಮಿ ಇದ್ರ ಕಾಂಟಾಕ್ಕ ತಿಳ್ಯಂಗಿಲ್ಲ," ಅಂದೆ.
"ಓದೋರಿಗೂ ಹಂಗೇ," ಅಂದ್ರು ಗುಂಡೇರಾವ್.

ಅವರದು ಎರಡೇ ವಿಮರ್ಶಾ:
ಪಸಂದ್ ಬಂದ್ರ "ರೈಟ್ ರೈಟ್", ಎಡವಿದ್ರ "ಹೋಲ್ಡಾನ್".
ಮೆಹಜಬೀನ್ ಒತ್ತಕ್ಷರ ತಪ್ಪಿದ್ರ ಮಾಫ್ ಮಾಡ್ತಾಳ,
ಸುಳ್ಳು ಬರದ್ರ ಇಲ್ಲ.
ಥಾವರೂಗ ಚಂದ್ರ ತೆಗಿ ಅಂದ್ವಿ,
ಮುಂದಿನ ವಾರ ಚಂದ್ರ ತೆಗದು
ಎರಡು ನಕ್ಷತ್ರ ಇಟ್ಕೊಂಡು ಬಂದ.
ನಂದು ತೂಕದ ರೋಗ. ತುಂಬಿದ ಗಾಡಿ, ಖಾಲಿ ಗಾಡಿ,
ಕಳದು ಉಳದದ್ದು ಮಾಲು.
ಈ ಮಾತಿಲ್ದ ನಡೀತದಾ? ನಡೀತದ. ತೆಗೀರಿ.

ಧೂಳಪ್ಪ ಆರು ತಿಂಗಳು ಬರೇ ಕೇಳಿದ.
ಶ್ರಾವಣದಾಗ ಒಂದಿನ ಹಳೇ ರಸೀದಿ ಬೆನ್ನು ತಿರುವಿ
ಚೀಲ ಇಳಸಿದಂಗ ಒಂದೊಂದೇ ಅಕ್ಷರ ಇಳಸಿ ಓದಿದ.
ಹೆಂಡತಿ ಮ್ಯಾಲ. ಹನ್ನೊಂದು ಸಾಲು.
ಬೆನ್ನಿಗೆ ಎಣ್ಣಿ ತಿಕ್ಕೋ ಕೈ,
ತೊಗರಿ ಹೊಟ್ಟು ಝಾಡಿಸಿದ ಸೆರಗು,
ನಡಬರಕ ಒಂದು ಸಾಲು,
"ಸಕ್ಕರಿ ಡಬ್ಬಿ ಮ್ಯಾಲಿನ ಫಳಿ ಮ್ಯಾಗ ಅದ."

"ರೈಟ್," ಅಂದ್ರು ಗುಂಡೇರಾವ್, ದನಿ ಇಳಿಸಿ.
ನಾನು ಪೆನ್ನು ತೆಗದೆ.
"ಧೂಳಪ್ಪಾ, ಭಾಳ ಛಲೋ ಅದ. ಡಬ್ಬಿ ಒಂದು ಬ್ಯಾಡ.
ಅದು ಕವಿತಿ ಅಲ್ಲ, ಪತ್ತಾ."
ಅಂವ ನಾ ಎಳೆದ ಗೆರಿ ನೋಡಿದ.
"ಆಯ್ತ್ರಿ," ಅಂದ. ಚಾ ಕುಡೀಲಿಲ್ಲ.

ಮೂರು ಐತವಾರ ಬರ್ಲಿಲ್ಲ.
ಉಳಿದ ದಿನ ಮಿಲ್ಲಿನಾಗೇ ಇದ್ದ,
ನನ್ನ ಕಿಡಕಿ ಮುಂದೇ ಹಾಯ್ದ, ನಮಸ್ಕಾರ ಅಂದ,
ಹೆಗಲ ಮ್ಯಾಲ ಚೀಲ ಇತ್ತು, ಮಾರಿ ಕಾಣ್ಲಿಲ್ಲ.

ನಾಲ್ಕನೇದಕ್ಕ ಮೆಹಜಬೀನ್ ಹೋಗಿ ಕರ್ಕೊಂಡು ಬಂದಳು.
ಕುಂತ. ಭಾಳ ಹೊತ್ತಾದ ಮ್ಯಾಲ ಅಂದ:
"ಬಾಯಿ, ಆ ಸಾಲು ನಾ ಬರ್ದದ್ದಲ್ರಿ.
ದವಾಖಾನಿಗೆ ಆಟೋ ಹತ್ತೋ ಮುಂದ
ಆಕಿ ಹೊಳ್ಳಿ ನೋಡಿ ಅಷ್ಟೇ ಅಂದಳು.
ಅಲ್ಲಿ ಹೋದ ಮ್ಯಾಲ ಬಾಯಾಗ ನಳಿಗಿ ಹಾಕಿದ್ರು.
ಉಳಿದ ಹತ್ತು ನಾ ಬರ್ದದ್ದು,
ಬೇಕಾದ್ರ ಅವನ್ನ ತೆಗೀರಿ."

ಯಾರೂ ರೈಟ್ ಅನ್ಲಿಲ್ಲ, ಹೋಲ್ಡಾನ್ ಅನ್ಲಿಲ್ಲ.
ಥಾವರು ಎದ್ದು ಹೋಗಿ ಚಾ ತಂದ, ಸೂಸಲಾ ತಂದ,
ರೊಕ್ಕ ಯಾರದಂತ ಕೇಳ್ಲಿಲ್ಲ.
ಗೆರಿ ಅಳಸಲಿಕ್ಕ ನೋಡಿದೆ. ಬಾಲ್ ಪೆನ್ನು, ಹೋಗಲಿಲ್ಲ.
ಅದರ ಕೆಳಗ ನನ್ನ ಕೈಲೇ ಮತ್ತೊಮ್ಮೆ ಬರದೆ.
ಹಿಂಗಾಗಿ ಧೂಳಪ್ಪನ ಕವಿತಿಯಾಗ ಡಬ್ಬಿ ಎರಡು ಸಲ ಅದ,
ಒಂದು ಹೊಡದದ್ದು, ಒಂದು ನನ್ನ ಅಕ್ಷರದ್ದು.
"ಇರಲಿ ಬಿಡ್ರಿ," ಅಂದ ಅಂವ,
"ಆಕೀನೂ ಯಾವುದೇ ಮಾತು ಎರಡು ಸಲ ಹೇಳಾಕಿ."

ಹೋದ ವಾರ ನಾನು ಭೀಮಾ ನದಿ ಮ್ಯಾಲ
ಇಪ್ಪತ್ನಾಕು ಸಾಲು ಓದಿದೆ.
ಚಪ್ಪಾಳಿ ಬಿತ್ತು. ಥಾವರು ಸೀಟಿ ಹೊಡದ.
ಧೂಳಪ್ಪ ಕಣ್ಣು ತೆರದು,
ತಪ್ಪು ತಿಳ್ಕೋಬ್ಯಾಡ್ರಿ ಅಂತ ಶುರು ಮಾಡಿ,
ಕೆಮ್ಮಿ, ಒಂದು ಗುಟುಕು ಚಾ ಕುಡದು, ಕೇಳಿದ:
"ಚಂದ ಅದ ಬಾಯಿ.
ಇದ್ರಾಗ ನಿಮ್ಮ ಮನೀ ಡಬ್ಬಿ ಎಲ್ಲಿಟ್ಟೀರಿ?"

ನದಿ ತೆಗದೀನಿ. ಎರಡು ಸಾಲು ಉಳದಾವ,
ಅವೂ ಗಟ್ಟಿ ಇಲ್ಲ.
ಬರೋ ಐತವಾರ ಓದ್ತೀನಿ, ನೀವೂ ಬರ್ರಿ:
ಕಲಬುರಗಿ, ಹುಮನಾಬಾದ್ ರಸ್ತಾ,
ಮಿಲ್ಲಿನ ಸಣ್ಣ ಗೇಟು ತೆರದಿರ್ತದ.