ಜಮಾಖರ್ಚು

ಬೆಟಗೇರಿಯ ಹಳೆ ಮಗ್ಗದ ಮನಿಯೊಳಗ ಕುಂತು
ಶನಿವಾರಕ್ಕೊಮ್ಮೆ ಲೆಕ್ಕ ಬರೀತೀನಿ.
ಫ್ಯಾನ್ ರಿಪೇರಿ, ನೂರಾ ಎಂಬತ್ತು.
ಬಣ್ಣದ ನೂಲು, ನೇಕಾರ ಓಣಿಯವರು ಪುಕ್ಕಟೆ ಕೊಟ್ಟದ್ದು.

ಹತ್ತಿ ದಲಾಲ ಪಾವತಿ ಪುಸ್ತಕ ಸರಿಸಿ ಕೇಳಿದ್ದ,
‘ಎಷ್ಟು ಹುಡುಗೂರು ಆರಾಮಾದ್ವು?’
ಜಡ್ಡಾಗಿದ್ರ ಅಲ್ಲೇನ್ರಿ ಆರಾಮಾಗೂದು,
ಅಂದುಬಿಟ್ಟೆ.
ಐದುನೂರು ತಗದಾಂವ ಎರಡುನೂರು ಕೊಟ್ಟ.

ವಿರೂಪಾಕ್ಷಗ ಒಂಬತ್ತು ವರ್ಷ. ಮಾತಿಲ್ಲ.
ಕುಕ್ಕರ್ ಸೀಟಿಗೆ ಕಿವಿ ಮುಚ್ಚಿ ಚೀರಾಂವ
ಬಾಜೂಮನಿ ಮಗ್ಗ ಸುರುವಾದ್ರ
ಗ್ವಾಡಿಗೆ ಬೆನ್ನು ಹಚ್ಚಿ ಕುಂಡ್ರತಾನ,
ಲಾಳಿ ಆ ಕಡೆ ಹೋದ್ರ ಆ ಕಡೆ,
ಈ ಕಡೆ ಬಂದ್ರ ಈ ಕಡೆ ತೂಗಿಕೋತ.
ತೂಗಬ್ಯಾಡ ಅಂತ ಇಲ್ಲಿ ಯಾರೂ ಅನ್ನೂದಿಲ್ಲ.

ಇವತ್ತ ಮೆಹರುನ್ನೀಸಾ ಟೀಚರು ಅವನ ಹತ್ರ ಕುಂತಾಗ
ಅವರವ್ವ ನೀಲಗಂಗವ್ವ ಮನಿಗೆ ಹೋದಾಕಿ
ಎರಡು ತಾಸಿಗೆ ಬಂದ್ಲು. ತಲಿ ಇನ್ನಾ ಹಸಿ.
‘ಏನ್ ಮಾಡಿದ್ರಿ?’
‘ಎರಕೊಂಡೆ. ಆಮ್ಯಾಲೆ ರೊಟ್ಟಿ,
ಬಿಸೀದು, ಕುಂತು ತಿಂದೆ.’
ನಕ್ಕಳು, ಕದ್ದು ಸಿಕ್ಕವರಂಗ.

ಇದನ್ನ ಜಮಾದಾಗ ಹಿಡೀಲೋ, ಖರ್ಚಿನಾಗೋ?
ಆಡಿಟ್ ಮಾಡಾಂವ ನೋಡಿದ್ರ ಬೈತಾನ.
ಪೆನ್ಸಿಲ್ಲಿಲೆ ಅಂಚಿನಾಗ ಬರದೀನಿ:
ರೊಟ್ಟಿ, ಒಂದು.