ಟೇಬಲ್ ನಂಬರ್ ಮೂರು

ಮೂಗು ಮುಚ್ಚಬ್ಯಾಡ್ರಿ, ಫಾರ್ಮಲಿನ್ನಿಗೆ ಒಂದು ಗುಣ ಐತೆ:
ಮೊದಲು ಕಣ್ಣೀರು, ಹತ್ತು ನಿಮಿಷ ಬಿಟ್ಟು ಹಸಿವು.
ನಾಚಿಕೆ ಬೇಡ, ಇಲ್ಲಿಗೆ ಬಂದವರಿಗೆಲ್ಲ ಆಗ್ತದೆ.
ನಾನು ದಾದಾಪೀರ್, ಈ ಕೋಣೆಯ ಅಟೆಂಡರ್.
ಹಿಂದೆ ಹತ್ತಿ ಮಿಲ್ಲಿನಲ್ಲಿ ವೈಂಡಿಂಗ್ ಖಾತೆ.
ಹರಿದ ಎಳೆಗೆ ಎಳೆ ಕೂಡಿಸಿ, ಒಂದು ಚಿಟಿಕೆ, ಗಂಟು.
ಈ ಬೆರಳು ಇನ್ನೂ ಮರೆತಿಲ್ಲ.

ಬೆಳಿಗ್ಗೆ ಏನು ತಿಂದ್ರಿ? ಬೆಣ್ಣೆ ದೋಸೆಯಾ?
ಇರಲಿ, ನಾನು ಮಂಡಕ್ಕಿ ಹಿಡಿದು ಹೇಳ್ತೀನಿ,
ಒಂದು ಮುಷ್ಟಿ, ಜೊತೆಗೆ ಅರ್ಧ ಮೆಣಸಿನಕಾಯಿ.
ಜೊಲ್ಲು ತಾಗಿದ್ದೇ ತಡ, ಜಗಿದಷ್ಟೂ ಸಿಹಿ,
ಅದು ಬೆಲ್ಲ ಅಲ್ಲ, ಅಕ್ಕಿ ಬಿಚ್ಚಿಕೊಂಡದ್ದು.
ಇದು ಕಿರುಬಾಗಿಲು, ನೋಡ್ರಿ, ಎಲೆಯಷ್ಟು ತೆಳು,
ಉಸಿರಿನ ದಾರಿಗೆ ಮುಚ್ಚಳ.
ಮಾತಾಡ್ತಾ ನುಂಗಿದರೆ ಇದಕ್ಕೆ ಗಲಿಬಿಲಿ.
ನೆತ್ತಿಗೆ ಹತ್ತಿತು ಅಂತ ತಲೆ ತಟ್ತಾರೆ ಅವ್ವಂದಿರು;
ನೆತ್ತಿ ಪಾಪ, ಏನೂ ಮಾಡಿಲ್ಲ.

ಅನ್ನನಾಳ. ಗೇಣುದ್ದ, ಮೇಲೆ ಒಂದೆರಡು ಬೆರಳು.
ತುತ್ತು ಇದರಲ್ಲಿ ಬೀಳೋದಿಲ್ಲ, ಹಿಂಡಿ ಹಿಂಡಿ ಇಳಿಸ್ತದೆ.
ತಲೆಕೆಳಗಾಗಿ ನಿಂತರೂ ಹೊಟ್ಟೆಗೇ ಕಳಿಸ್ತದೆ.

ಇದು ಹೊಟ್ಟೆ. ಇದರ ಮೇಲೇ ಅಷ್ಟೆಲ್ಲ ಮಾತು:
ಹೊಟ್ಟೆಕಿಚ್ಚು, ಹೊಟ್ಟೆಪಾಡು, ತಪ್ಪಾಯ್ತು ಹೊಟ್ಟೆಗೆ ಹಾಕ್ಕೋ.
ಕೈಗೆ ತಗೊಂಡರೆ ತೋಯ್ದ ಚರ್ಮದ ಚೀಲ,
ಒಳಗೆ ಸುಕ್ಕು ಸುಕ್ಕು, ಉಂಡಾಗ ಬಿಡಿಸಿಕೊಳ್ಳಲಿಕ್ಕೆ.
ಮೊಳೆಯನ್ನೂ ಸವೆಸುವಂಥ ಹುಳಿ ಇದರ ತುಂಬ;
ತನ್ನನ್ನೇ ಸುಟ್ಟುಕೊಳ್ಳದ ಹಾಗೆ ಮೂರು ನಾಲ್ಕು ದಿನಕ್ಕೊಮ್ಮೆ
ಒಳಗಿನ ಅಸ್ತರು ಬದಲಾಯಿಸ್ತದೆ.

ಇಲ್ಲಿಗೆ ಬಂದಾಗ ಈ ವರ್ಷ ನನ್ನ ದನಿ ಸಣ್ಣಗಾಗುತ್ತದೆ.
ಹುಡುಗರಿಗೆ ಹೇಳಿಲ್ಲ. ಅವರಿಗೆ ಇದು ಟೇಬಲ್ ನಂಬರ್ ಮೂರು.
ನನಗೆ, ಆನೆಕೊಂಡದ ಚಿದಾನಂದಪ್ಪ.
ಮಿಲ್ಲಿನ ಗೇಟಿಗೆ ಬೀಗ ಬಿದ್ದ ವರ್ಷ
ಶಾಮಿಯಾನದ ಕೆಳಗೆ ಹತ್ತೊಂಬತ್ತು ದಿನ,
ನೀರು, ಚಿಟಿಕೆ ಉಪ್ಪು.
ಪಕ್ಕದಲ್ಲೇ ಕೂತಿದ್ದ ನಾನು, ಆರನೇ ದಿನ,
ಪಿ.ಬಿ. ರಸ್ತೆ ದಾಟಿ ಗಾಡಿಯ ಮರೆಯಲ್ಲಿ ಮಂಡಕ್ಕಿ ತಿಂದೆ.
ಬಾಯಿ ಒರೆಸಿಕೊಂಡು ಬಂದು ಮತ್ತೆ ಕೂತೆ.
ಅವನಿಗೆ ವಾಸನೆ ಬಂದಿರಬೇಕು, ಒಗ್ಗರಣೆ, ಹಸಿ ಈರುಳ್ಳಿ;
ಏನೂ ಅನ್ನಲಿಲ್ಲ. ಹೊಟ್ಟೆಗೆ ಹಾಕಿಕೊಂಡ.

ಆಂಬುಲೆನ್ಸಿನಿಂದ ಇಳಿಸಿಕೊಂಡವನೂ ನಾನೇ.
ದಾನಪತ್ರದಲ್ಲಿ ಅದೇ ಓರೆ ಸಹಿ.
ಹೊಟ್ಟೆ ಬಿಡಿಸಿದ ದಿನ, ಎಲ್ಲ ಹೋದ ಮೇಲೆ,
ಲೈಟು ಹಚ್ಚಿ ಹುಡುಕಿದೆ, ಸುಕ್ಕು ಸರಿಸಿ ಸರಿಸಿ.
ಹತ್ತೊಂಬತ್ತು ದಿನ, ಎಲ್ಲಾದರೂ ಬರೆದಿರಬೇಕಲ್ಲ.
ಒಂದು ಗೀರೂ ಇಲ್ಲ.
ಅಸ್ತರು ಬದಲಾಗಿತ್ತಲ್ಲ, ಎಷ್ಟು ಸಾವಿರ ಸಲವೋ.

ಬರ್ರಿ, ಮುಂದಕ್ಕೆ.
ಹನ್ನೆರಡು ಬೆರಳಿನ ಈ ತಿರುವಿಗೆ ಪಿತ್ತ ಬಂದು ಕೂಡ್ತದೆ,
ಮಾಡೋದು ಯಕೃತ್ತು, ಕೂಡಿಡೋದು ಈ ಹಸಿರು ಚೀಲ.
ಇದೂ ನೆತ್ತಿಗೆ ಏರೋದಿಲ್ಲ. ಎಣ್ಣೆ ಒಡೆಯೋ ಕೂಲಿ,
ಮೆಣಸಿನಕಾಯಿ ಕರಿದ ಎಣ್ಣೆ.
ಹಿಂದೆ ಅವಿತದ್ದು ಮೇದೋಜೀರಕ, ಅದನ್ನ ಎಳೀಬ್ಯಾಡ್ರಿ,
ಹುಳಿ ತಣಿಸೋದು ಅದರ ಪಾಳಿ.

ಈಗ ಸಣ್ಣ ಕರುಳು. ಒಬ್ಬರು ಈ ತುದಿ ಹಿಡೀರಿ.
ಇಪ್ಪತ್ತು ಅಡಿ, ಗೋಡೆಯಿಂದ ಕಿಟಕಿಗೆ.
ಲಡಿ ಬಿಚ್ಚೋ ಹಾಗೆ ಬಿಚ್ಚಿ, ಜಗ್ಗಬ್ಯಾಡ್ರಿ.
ಒಳಮೈ ಮುಟ್ಟಿ ನೋಡಿ: ಟರ್ಕಿ ಟವೆಲ್ಲು,
ಲಕ್ಷ ಲಕ್ಷ ಕುಚ್ಚು, ಒಂದೊಂದೂ ಹೀರ್ತದೆ.
ಮಂಡಕ್ಕಿ ಮಂಡಕ್ಕಿಯಾಗಿರೋದು ಇಲ್ಲಿಗೆ ಮುಗೀತು,
ಇನ್ನು ಅದು ರಕ್ತ, ಕೈ, ಘೋಷಣೆ.
ಉಳಿದದ್ದು ದೊಡ್ಡ ಕರುಳಿಗೆ, ಐದಡಿ, ಅಂಚು ಹೊಲಿದ ಹಾಗೆ ಸುತ್ತ;
ನೀರು ಹಿಂಡಿಕೊಂಡು ಹೊರಗೆ ಕಳಿಸ್ತದೆ.
ನಗಬ್ಯಾಡ್ರಿ. ಅದು ಎರಡು ದಿನ ಮುಷ್ಕರ ಹೂಡಲಿ, ಗೊತ್ತಾಗ್ತದೆ.

ಎಲ್ಲ ಮಡಚಿ ಒಳಗಿಡುವಾಗ
ಎಲ್ಲೂ ಹರಿದಿಲ್ಲವಾ ಅಂತ
ಬೆರಳು ತಾನೇ ನೋಡಿಕೊಂಡು ಹೋಗುತ್ತದೆ.

ಸೋಪು, ಮೂರು ಸಲ. ಸೈಕಲ್ಲು. ರೈಲ್ವೆ ಗೇಟು ಹಾಕಿದೆ.
ಗಾಡಿಯವ ಕೇಳದೆಯೇ ಮಂಡಕ್ಕಿ ಕಲಸುತ್ತಾನೆ,
ಇವತ್ತು ಬೇಡ ಅನ್ನುವ ಮೊದಲೇ
ಹೊಟ್ಟೆ ಸದ್ದು ಮಾಡುತ್ತದೆ,
ಗೇಟಿನಲ್ಲಿ ನಿಂತವರೆಲ್ಲ ಕೇಳುವಷ್ಟು ಜೋರಾಗಿ.